ಒಂದೇ ಫೋಟೋದ ಹೊಲಿಗೆ ಮಷೀನು

ನವೆಂಬರ್ ಐದು, ಬುಧವಾರ, ಸಂಜೆ ಏಳು ಗಂಟೆ ಹತ್ತು ನಿಮಿಷ. ಹಳೇ ಸಾಮಾನು ಮಾರುವ, ಕೊಳ್ಳುವ ಆ್ಯಪನ್ನು ನಾನು ಫೋನಿಗೆ ಇಳಿಸಿಕೊಂಡದ್ದು ಆಗ. ಬಳ್ಳಾರಿಯ ಒಂದು ರಕ್ತಪರೀಕ್ಷೆ ಲ್ಯಾಬಿನ ಕೌಂಟರಿನಲ್ಲಿ ನನ್ನ ಕೆಲಸ. ದಿನಾಂಕ, ಹೊತ್ತು ಬರೆಯದ ಸೀಸೆ ಅಲ್ಲಿ ಒಳಗೆ ಹೋಗುವುದಿಲ್ಲ. ಆ ಚಾಳಿ ಮನೆಗೂ ಬಂದು, ಏನೇ ಆದರೂ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಮುಂದೆ ಹೇಳುವುದೆಲ್ಲ ಅದರಲ್ಲಿದ್ದದ್ದೇ.

ನಮಗೆ ಬೇಕಾಗಿದ್ದದ್ದು ಅವ್ವನಿಗೆ ಒಂದು ಹೊಲಿಗೆ ಮಷೀನು. ರವಿಕೆ ಹೊಲಿಯುವ ಕಾಲ್ತುಳಿತದ್ದಲ್ಲ, ಜೀನ್ಸ್ ಹೊಲಿಯುವ ಮೋಟರಿನದು. ಅವ್ವ ಇಪ್ಪತ್ತೆರಡು ವರ್ಷದಿಂದ ಜೀನ್ಸ್ ಯೂನಿಟ್ಟುಗಳಲ್ಲಿ ಪ್ಯಾಂಟಿನ ಪಕ್ಕದ ಹೊಲಿಗೆ ಹಾಕುತ್ತ ಬಂದವಳು. ಈಗಿನ ಯೂನಿಟ್ಟು ಇರುವುದು ಮೂರನೇ ಮಹಡಿಯಲ್ಲಿ, ಹತ್ತಬೇಕಾದದ್ದು ಕಬ್ಬಿಣದ ಮೆಟ್ಟಿಲು. ದಸರಾಕ್ಕೆ ಮುಂಚೆ ಅಲ್ಲಿ ಜಾರಿ ಬಿದ್ದು ಮೊಣಕಾಲು ಹೋಯಿತು. ನಡೆಯುತ್ತಾಳೆ, ಬಸ್ಸೂ ಹತ್ತುತ್ತಾಳೆ, ಆದರೆ ದಿನಾ ಆ ಮೆಟ್ಟಿಲು ಹತ್ತಬಾರದೆಂದು ಡಾಕ್ಟರು ಹೇಳಿಬಿಟ್ಟರು. ಯೂನಿಟ್ಟಿನ ಮಾಸ್ತರು ಒಂದು ದಾರಿ ಹೇಳಿದರು. "ಹದಿನೇಳಕ್ಕ ಸೋಮವಾರ ಕತ್ತರಿಸಿದ ಪ್ಯಾಂಟಿನ ಹೊಸಾ ಬಂಡಲ್ ಬರ್ತಾವಕ್ಕ. ಅಷ್ಟ್ರಾಗ ನಿನ್ನ ಮನ್ಯಾಗ ಮಷಿನ್ ಇದ್ರ ಅಲ್ಲೇ ತಂದು ಹಾಕ್ತೀನಿ. ಇಲ್ಲಾಂದ್ರ ನಿನ್ನ ಜಾಗಕ್ಕ ಬ್ಯಾರೇ ಒಬ್ರು ಕಾಯಾಕ ಹತ್ಯಾರ."

ಹೊಸ ಮಷೀನು ನಮ್ಮ ಕೈಗೆ ಎಟುಕುವಂಥದ್ದಲ್ಲ. ಉಳಿದದ್ದು ಹನ್ನೆರಡು ದಿನ, ನನ್ನ ಫೋನು.

ಮೊದಲ ನಾಲ್ಕು ದಿನ ನನಗೆ ಆಸೆಯಿತ್ತು. ಬಳ್ಳಾರಿ ಜಿಲ್ಲೆಯೆಂದು ಹಾಕಿ ಹುಡುಕಿದರೆ ಸಾಲು ಸಾಲು ಮಷೀನು ಬರುತ್ತಿದ್ದವು. ಹದಿನೈದನೇ ತಾರೀಖಿನ ಹೊತ್ತಿಗೆ ನನ್ನ ಪುಸ್ತಕದಲ್ಲಿ ಮೂವತ್ತೊಂದು ಜಾಹೀರಾತು ಇದ್ದವು. ಹನ್ನೆರಡಕ್ಕೆ ಉತ್ತರವೇ ಇಲ್ಲ. ಎಂಟು ಜನ "ನಿನ್ನೇನೇ ಹೋತು" ಅಂದರು. ಆ ಎಂಟರಲ್ಲಿ ಐದು ಜಾಹೀರಾತು ಮಾರನೇ ದಿನವೂ ಹಾಗೇ ಇದ್ದವು. ಐವರು ಮೊದಲು ಟೋಕನ್ ಹಾಕಿ, ಅಂದರೆ ನೋಡುವ ಮುಂಚೆಯೇ ಫೋನಿನಲ್ಲಿ ಮುಂಗಡ ಕಳಿಸಿ ಅಂದರು, ಅವರಲ್ಲಿ ಒಬ್ಬ ತಾನು ಸೈನ್ಯದಲ್ಲಿರುವುದಾಗಿ, ವರ್ಗವಾಗಿದೆಯೆಂದು, ಮಷೀನನ್ನು ತಾನೇ ಕಳಿಸಿಕೊಡುವುದಾಗಿ ಹೇಳಿದ. ಸೈನಿಕನಿಗೆ ಜೀನ್ಸ್ ಹೊಲಿಯುವ ಮಷೀನು ಯಾಕೆ ಬೇಕಾಗಿತ್ತೆಂದು ಕೇಳಿದೆ. ಆಮೇಲೆ ಅವನ ಉತ್ತರ ಬರಲಿಲ್ಲ.

ನಾಲ್ಕನ್ನು ಲ್ಯಾಬು ಬಿಟ್ಟಮೇಲೆ ನಾನೇ ಹೋಗಿ ನೋಡಿದೆ. ಫೋಟೋದಲ್ಲಿ ಒಂದು, ಮನೆಯಲ್ಲಿ ಇನ್ನೊಂದು. ಕೌಲ್ ಬಜಾರಿನ ಹತ್ತಿರ ಒಬ್ಬ ಅಜ್ಜ ಬಾಗಿಲು ತೆಗೆದು, ಮಷೀನಿನ ಮೇಲೆ ಕೂತಿದ್ದ ಕೋಳಿಯನ್ನು ಓಡಿಸಿ, "ನೋಡವ್ವ, ಗಟ್ಟಿ ಐತಿ" ಅಂದ.

"ಮೋಟರ್ ಎಲ್ಲಿ ಅಜ್ಜಾ?"

"ಮೋಟರ್ ನಮ್ಮ ಅಳಿಯ ಒಯ್ದಾನ, ನೀರೆತ್ತಾಕ."

"ಮತ್ತ ಇದು ಹೆಂಗ ಹೊಲೀತೈತಿ?"

"ಮಷಿನ್ ಹೊಲೀತೈತವ್ವ. ಮೋಟರ್ ಇದ್ರ."

ಉಳಿದದ್ದು ಎರಡು ಜಾಹೀರಾತು. ಅವೆರಡಕ್ಕೂ ನನ್ನ ಪುಸ್ತಕದಲ್ಲಿ ಒಂದೊಂದು ಪುಟ ಬೇರೆ ಇದೆ, ಯಾಕೆಂದರೆ ಎರಡರಲ್ಲೂ ಫೋಟೋ ಒಂದೇ. ಒಂದರಲ್ಲಿ ಊರು ಬಳ್ಳಾರಿ ಅಂತ, ಇನ್ನೊಂದರಲ್ಲಿ ಸಿರುಗುಪ್ಪ ಅಂತ. ಬೆಲೆ ಬೇರೆ, ಮಾರುವವನ ಹೆಸರು ಬೇರೆ. ಮಷೀನು ಅದೇ, ಹಿಂದಿನ ಹಸಿರು ಗೋಡೆ ಅದೇ, ಟೇಬಲ್ಲಿನ ಎಡಗಡೆ ಬಣ್ಣ ಹೋಗಿ ಬೆಳ್ಳಗಾದ ಒಂದು ಅಂಗೈಯಗಲದ ಜಾಗ ಅದೇ.

ಬಳ್ಳಾರಿಯವನಿಗೆ ಮೂರು ಸಲ ಫೋನು ಮಾಡಿದೆ. ಅರ್ಧ ಕನ್ನಡ, ಅರ್ಧ ತೆಲುಗು ಮಾತು. "ಹತ್ತು ಮಂದಿ ಲೈನಿನಾಗ ಅದಾರ ಅಕ್ಕಾ. ಟೋಕನ್ ಹಾಕ್ರಿ, ನಿಮ್ಮ ಹೆಸರಿಗೆ ತೆಗೆದಿಡ್ತೀನಿ."

"ಮೊದ್ಲು ನೋಡ್ಬೇಕ್ರಿ."

"ನೋಡಾಕ ಏನೈತಿ, ಫೋಟೋದಾಗ ಕಾಣ್ತೈತಲ್ಲ."

ಓಡಿಸಿ ವಿಡಿಯೋ ಕಳಿಸಿ ಅಂದರೆ ಕರೆಂಟಿಲ್ಲ ಅಂದ. ಮೂರು ದಿನವೂ ಅವನ ಮನೆಯಲ್ಲಿ ಕರೆಂಟಿರಲಿಲ್ಲ. ಅದೇ ಹೊತ್ತಿಗೆ ಅವನ ಹಿಂದೆ ಟಿವಿ ಕೇಳುತ್ತಿತ್ತು. ಅದನ್ನೂ ಬರೆದುಕೊಂಡೆ.

ಆಗ ನಾನು ಒಂದು ಪರೀಕ್ಷೆ ಮಾಡಿದೆ. ಫೋಟೋದ ಅಂಚಿನಾಚೆ ಏನಿದೆ ಎಂಬುದು ಮನೆಯವರಿಗೆ ಮಾತ್ರ ಗೊತ್ತಿರುತ್ತದೆ. ಮಷೀನಿನ ಬಲಗಡೆ ಏನಿದೆ ಎಂದು ಇಬ್ಬರನ್ನೂ ಕೇಳಿದೆ. ಬಳ್ಳಾರಿಯವನು ಗೋಡೆ ಅಂದ. ಸಿರುಗುಪ್ಪದವನು ಸ್ವಲ್ಪ ತಡೆದು ಬಾಗಿಲು ಅಂದ. ಒಬ್ಬನಾದರೂ ಸುಳ್ಳ, ಬಹುಶಃ ಇಬ್ಬರೂ.

ಅವ್ವನಿಗೆ ಹೇಳಿದೆ. ಅವಳು ಅಡುಗೆಮನೆಯಲ್ಲಿ ಕಾಲು ಚಾಚಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. "ಸಿರುಗುಪ್ಪದಾಂವ ನೋಡಾಕ ಬಾ ಅಂತಾನಲ್ಲ. ಇಂವ ಅದೂ ಅನ್ನವಲ್ಲ. ಹೋಗಿ ನೋಡೂಣು."

"ಆತ ಸುಳ್ಳ ಅದಾನವ್ವ."

"ನಿನಗ ಯಾರು ಖರೆ ಅದಾರ? ಹಾಲಿನಾಕಿ ಬಂದ್ರೂ ಗಡಿಯಾರ ನೋಡ್ತಿ." ಆಮೇಲೆ ಸಣ್ಣ ದನಿಯಲ್ಲಿ ಅಂದಳು, "ಅವರೆಕಾಯಿ ಬಿಡಿಸ್ಕೋತ ಎಷ್ಟು ದಿನ ಕೂಡ್ಲಿ ಹೇಳು."

ಹದಿನಾರು, ಭಾನುವಾರ, ಬೆಳಿಗ್ಗೆ ಎಂಟೂವರೆಗೆ ಬಸ್ಸು ಹತ್ತಿದೆವು. ಅವ್ವ ಒಂದು ಬಟ್ಟೆಚೀಲ ತಂದಿದ್ದಳು. ಅದರೊಳಗೆ ಬುತ್ತಿ, ನೀರು, ನಾಲ್ಕು ತುಂಡು ಜೀನ್ಸ್ ಬಟ್ಟೆ, ಒಂದು ಪೊಟ್ಟಣ ಮಷೀನು ಸೂಜಿ, ಒಂದು ದಾರದ ಕೋನು. ದಾರಿಯುದ್ದಕ್ಕೂ ಅರ್ಧ ರಸ್ತೆಗೆ ನೆಲ್ಲು ಒಣಹಾಕಿದ್ದರು. ಬಸ್ಸು ಉಳಿದ ಅರ್ಧದಲ್ಲಿ ಕೊಯ್ಯುವ ಯಂತ್ರಗಳಿಗೆ ದಾರಿ ಬಿಡುತ್ತ ಹೋಯಿತು. ಸಿರುಗುಪ್ಪ ಬಸ್‌ಸ್ಟ್ಯಾಂಡಿಗೆ ಬಂದು ಫೋನು ಮಾಡು, ಕರೆದುಕೊಂಡು ಹೋಗುತ್ತೇನೆ ಎಂದು ಅವನು ಹೇಳಿದ್ದ.

ಹತ್ತೂ ಐವತ್ತಕ್ಕೆ ಮೊದಲ ಫೋನು: "ಕರೂರಿನಾಗ ಅದೀನಿ, ಇಪ್ಪತ್ತು ನಿಮಿಷ." ಹನ್ನೊಂದೂ ಕಾಲಿಗೆ ಎರಡನೆಯದು: "ಬಸ್ಸು ಸಿಗವಲ್ದು." ಹನ್ನೊಂದೂ ನಲವತ್ತಕ್ಕೆ: "ಗದ್ದ್ಯಾಗ ಅದೀನಕ್ಕ, ಆಳು ಬಿಟ್ಟು ಬರಾಕ ಆಗವಲ್ದು. ನೀವು ಅರ್ಧಾ ಟೋಕನ್ ಹಾಕ್ರಿ, ನಮ್ಮ ಹುಡುಗ ಬಂದು ಮನಿ ತೋರಿಸ್ತಾನ." ಹಾಕುವುದಿಲ್ಲ ಅಂದೆ. ಅಲ್ಲಿಂದ ಮುಂದೆ ನಾಲ್ಕು ಸಲ ಮಾಡಿದರೂ ಸ್ವಿಚ್ ಆಫ್. ಒಟ್ಟು ಏಳು ಕರೆ.

ನಾನು ಹೇಳಿದೆ, ನೋಡಿದೆಯಾ, ನಾ ಹೇಳಲಿಲ್ಲವಾ ಅಂತ. ಅವ್ವ ಬೆಂಚಿನ ಮೇಲೆ ಕೂತು ಬುತ್ತಿ ಬಿಚ್ಚಿದಳು. ತಿಂದು ಕೈತೊಳೆದು, ಚಷ್ಮಾ ಹಾಕಿಕೊಂಡು, "ಆ ಫೋಟೋ ತೋರ್ಸು, ದೊಡ್ಡದು ಮಾಡು" ಅಂದಳು. ಹನ್ನೊಂದು ದಿನದಲ್ಲಿ ಆ ಫೋಟೋವನ್ನು ನಾನು ನೂರು ಸಲ ನೋಡಿರಬೇಕು. ನೋಡಿದ್ದೆಲ್ಲ ಮಷೀನನ್ನು. ಅವ್ವ ಬೆರಳಿಟ್ಟದ್ದು ಹಿಂದಿನ ಗೋಡೆಯ ಕ್ಯಾಲೆಂಡರಿನ ಮೇಲೆ. ಮೇಲೆ ದೇವರ ಚಿತ್ರ, ಕೆಳಗೆ ಗೊಬ್ಬರದಂಗಡಿಯ ಹೆಸರು, ಅದರ ಕೆಳಗೆ ಊರು: ಕುರುಗೋಡು.

"ಗೊಬ್ಬರದಂಗ್ಡಿ ಕ್ಯಾಲೆಂಡರ್ ಬ್ಯಾರೆ ಊರಿಗೆ ಹೋಗಂಗಿಲ್ಲ" ಅಂದಳು ಅವ್ವ. "ಮಷಿನ್ ಕುರುಗೋಡಿನಾಗ ಐತಿ."

ನನಗೆ ಅದೂ ಅನುಮಾನವೇ. ಇದೂ ಅವರ ಜಾಲದ ಒಂದು ಭಾಗ ಯಾಕಿರಬಾರದು? ಆದರೆ ನಾಳೆ ಸೋಮವಾರ. ತೆಕ್ಕಲಕೋಟೆಗೆ ಬಂದು ಇಳಿದು, ಇನ್ನೊಂದು ಬಸ್ಸಿಗೆ ಒಂದೂವರೆ ತಾಸು ಕಾದು, ಕುರುಗೋಡು ಮುಟ್ಟುವಾಗ ನಾಲ್ಕೂ ಇಪ್ಪತ್ತು.

ಗೊಬ್ಬರದಂಗಡಿ ಅರ್ಧ ಬಾಗಿಲು ಹಾಕಿತ್ತು. ಅಂಗಡಿಯವರು ಫೋಟೋವನ್ನೂ ನಮ್ಮನ್ನೂ ಒಂದೊಂದು ಸಲ ನೋಡಿದರು. "ಇಂಥವು ಇನ್ನೂರು ಕ್ಯಾಲೆಂಡರ್ ಹಂಚೀನಿ. ಯಾರ ಮನಿ ಅಂತ ಹೇಳ್ಲಿ? ನೀವ್ಯಾರು?"

ನಾನು ಉತ್ತರ ಹೊಂದಿಸುವಷ್ಟರಲ್ಲಿ ಅವ್ವ ಬೇರೆಯೇ ಪ್ರಶ್ನೆ ಕೇಳಿದಳು. "ಅಣ್ಣಾರ, ಈ ಊರಾಗ ಮೋಟರ್ ಮಷಿನ್ ಇಟ್ಟು ಬಳ್ಳಾರಿ ಪ್ಯಾಂಟು ಹೊಲಿಯಾಕಿ ಯಾರದಾರ?"

"ಹಂಗ ಕೇಳ್ರಿ ಮತ್ತ." ಬಸವೇಶ್ವರ ಗುಡಿಯ ಹಿಂದಿನ ಓಣಿ, ಮೂರನೇ ಮನೆ ಎಂದು ಕೈ ತೋರಿಸಿದರು.

ಐದೂ ಹತ್ತಕ್ಕೆ ಆ ಮನೆಯ ಬಾಗಿಲು ಬಡಿದೆವು. ಅವ್ವನದೇ ವಯಸ್ಸಿನ ಒಬ್ಬ ಹೆಂಗಸು ಬಾಗಿಲನ್ನು ಒಂದು ಗೇಣು ತೆಗೆದು, ಮೊದಲು ನನ್ನ ಕೈಯಲ್ಲಿದ್ದ ಫೋನನ್ನು ನೋಡಿದರು.

"ನೀವೂ ಟೋಕನ್ ಹಾಕೀರೇನು?"

ಇಲ್ಲ ಅಂದೆ.

"ಹಾಕಿದ್ರ ನಾ ಜವಾಬ್ದಾರಿ ಅಲ್ಲ. ಈ ತಿಂಗಳಾಗ ಇಬ್ರು ಬಂದು ಹೋದ್ರು. ಒಬ್ಬಾಂವ ಮಷಿನ್ ಎತ್ಕೊಂಡೇ ಹೋಗ್ತೀನಿ ಅಂತ ಒಳಗ ನುಗ್ಗಿದ. ನಾ ಯಾವ ಫೋನಿನಾಗೂ ಹಾಕಿಲ್ಲ. ನನ್ನ ಫೋನಿನಾಗ ಕ್ಯಾಮರಾನ ಇಲ್ಲ."

ಬಾಗಿಲ ಸಂದಿನಲ್ಲೇ ನಿಂತು ಹೇಳಿದ್ದು ಇಷ್ಟು. ಕಣ್ಣು ಮಂದವಾಗಿ ಹೊಲಿಯುವುದು ಬಿಟ್ಟಿದ್ದಾರೆ. ಮಷೀನು ಕೊಡುವುದುಂಟೆಂದು ಓಣಿಯಲ್ಲಿ ಬಾಯಿಮಾತಿಗೆ ಹೇಳಿದ್ದರು. ದಸರೆಯ ದಿನಗಳಲ್ಲಿ ಒಬ್ಬ ಬಂದ, ಶರ್ಟು ಇನ್ ಮಾಡಿದ್ದ, ಹೆಂಡತಿಗೆ ತೋರಿಸಬೇಕೆಂದು ಫೋಟೋ ತೆಗೆದುಕೊಂಡ, ನಾಳೆ ಬರುತ್ತೇನೆಂದು ಹೋದ. ಆಮೇಲೆ ಬಂದವರು ಟೋಕನ್ ಹಾಕಿದವರೇ, ನಮ್ಮ ಹಾಗೇ ಕ್ಯಾಲೆಂಡರಿನ ಊರು ಹಿಡಿದು ಹುಡುಕಿಕೊಂಡು.

ನನ್ನ ಮನಸ್ಸು ಇದನ್ನು ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ಅವರಿಗೂ ನಾವು ಒಪ್ಪಿಗೆಯಾದಂತೆ ಕಾಣಲಿಲ್ಲ. ಅವ್ವನನ್ನು ಮೇಲಿನಿಂದ ಕೆಳಗೆ ನೋಡಿ ಕೇಳಿದರು, "ನೀ ಖರೇನ ಮಷಿನ್ ಮ್ಯಾಲ ಕೂಡಾಕೀನಾ?"

"ಇಪ್ಪತ್ತೆರಡು ವರ್ಷ."

"ಬಾ, ಹಂಗಾರ. ದಾರ ಹಾಕು."

ಒಳಗೆ ಕಾಲಿಡುತ್ತಲೇ ನಾನು ಮಷೀನಿನ ಬಲಗಡೆ ನೋಡಿದೆ. ಗೋಡೆಯೂ ಇಲ್ಲ, ಬಾಗಿಲೂ ಇಲ್ಲ. ಮಾಳಿಗೆಗೆ ಹತ್ತುವ ಕಿರಿದಾದ ಮಣ್ಣಿನ ಮೆಟ್ಟಿಲಿತ್ತು. ಪುಸ್ತಕದಲ್ಲಿ ಇಬ್ಬರ ಎದುರಿಗೂ ಸುಳ್ಳು ಎಂದು ಬರೆದೆ.

ಅವ್ವ ಚಷ್ಮಾ ಹಾಕಿಕೊಳ್ಳಲೂ ಇಲ್ಲ. ದಾರ ಕೋನಿನಿಂದ ಎದ್ದು, ಕೊಕ್ಕೆ, ಸ್ಪ್ರಿಂಗು, ಕೆಳಗಿನ ತೂತು ಎಲ್ಲ ದಾಟಿ ಸೂಜಿಯ ಕಣ್ಣಿಗೆ ಬಂದದ್ದು ಹೇಗೆಂದು ನನಗೆ ಕಾಣಲೇ ಇಲ್ಲ. ಅವಳ ಕಣ್ಣು ಆ ಹೆಂಗಸಿನ ಮುಖದ ಮೇಲಿತ್ತು. ಹೆಂಗಸು ಕೈಕಟ್ಟಿ ನಿಂತವರು ಕೈ ಕೆಳಗಿಳಿಸಿದರು. ಅವ್ವ ಚೀಲದಿಂದ ಬಟ್ಟೆ ತೆಗೆದು ನಾಲ್ಕೂ ತುಂಡು ಒಂದರ ಮೇಲೊಂದು ಇಟ್ಟು ಮಡಿಸಿದಳು. ಪ್ಯಾಂಟಿನ ಕಾಲುಗಳು ಕೂಡುವ ಜಾಗ ಅಷ್ಟು ದಪ್ಪ ಇರುತ್ತದೆಯಂತೆ, ಅದನ್ನು ದಾಟಿದ ಮಷೀನು ಉಳಿದದ್ದೆಲ್ಲ ದಾಟುತ್ತದೆಯಂತೆ. ಮಷೀನು ಒಂದು ಸಲ ಗುಡುಗಿ ದಾಟಿತು. ಅವ್ವ ಬಟ್ಟೆ ತಿರುಗಿಸಿ ಹೊಲಿಗೆಯ ಮೇಲೆ ಉಗುರು ಎಳೆದು ನೋಡಿದಳು.

"ಒಂದು ಸಲ ನೀ ಕೂಡಕ್ಕ" ಅಂದಳು. ಅವರು ಕೂತರು. ಬಟ್ಟೆ ಹಿಡಿದಾಗ ಅವರ ಎಡ ಮೊಣಕೈ ಟೇಬಲ್ಲಿನ ಆ ಬಿಳಿ ಜಾಗದ ಮೇಲೆ ಬಂದು ನಿಂತಿತು, ವರ್ಷಗಟ್ಟಲೆ ಉಜ್ಜಿ ಬಣ್ಣ ತೆಗೆದದ್ದು ಆ ಮೊಣಕೈಯೇ ಎಂಬಂತೆ. ಅವ್ವ ನನ್ನ ಕಡೆ ನೋಡಿದಳು. ನಾನು ನೋಡಿಯೂ ಬಿಲ್ಲು ಕೇಳಿದೆ.

"ಬಿಲ್ಲು ಗೆದ್ಲು ತಿಂದಾವ."

"ಒಂದು ಫೋಟೋ ತೆಗೀಲೇನ್ರಿ, ಸಾಕ್ಷಿಗೆ?"

"ಬ್ಯಾಡವ್ವ. ಒಬ್ಬಾಂವ ತೆಗೆದದ್ದ ಸಾಕಾಗೈತಿ."

ಅದು ನನ್ನ ಲೆಕ್ಕದಲ್ಲಿ ಎರಡು ಅನುಮಾನ. ಮಷೀನಿನ ಹಿತ್ತಾಳೆ ಪಟ್ಟಿಯ ಮೇಲಿನ ನಂಬರನ್ನು ಬರೆದುಕೊಂಡೆ, ಕೊನೆಯ ಎರಡು ಅಂಕಿ ಸವೆದು ಹೋಗಿದ್ದವು. ಸವೆದದ್ದೋ, ಕೆರೆದದ್ದೋ ತಿಳಿಯಲಿಲ್ಲ. ಬೆಲೆಯ ಮಾತು ಇಬ್ಬರ ನಡುವೆ ಎರಡೇ ನಿಮಿಷ ನಡೆಯಿತು. ಅವ್ವ ಒಂದು ಸಲ ಇಳಿಸಿ ಕೇಳಿದಳು, ಅವರು ಒಂದು ಸಲ ಇಳಿದರು. ನಾನು ಹೊರಗೆ ಹೋಗಿ, ತರಕಾರಿ ಇಳಿಸಿ ಖಾಲಿ ಬಳ್ಳಾರಿಗೆ ಹೊರಟಿದ್ದ ಒಂದು ಲಗೇಜ್ ಆಟೊ ಹಿಡಿದುಕೊಂಡು ಬಂದೆ. ಬರುವಷ್ಟರಲ್ಲಿ ಆರಾಗಿತ್ತು. ಹೊಸ್ತಿಲ ಎರಡೂ ಕಡೆ ಕಾರ್ತಿಕದ ದೀಪ ಉರಿಯುತ್ತಿದ್ದವು. ಆ ಹೆಂಗಸು ಬಾಗಿಲಿಗೆ ಅಡ್ಡ ನಿಂತಿದ್ದರು.

"ನಾಳೆ ಮುಂಜಾನಿ ಬರ್ರಿ" ಅಂದರು. "ದೀಪಾ ಹಚ್ಚೇಬಿಟ್ಟೆ. ಇನ್ನ ಸೂಜಿ ಮನಿಯಿಂದ ಹೊರಗ ಕೊಡಂಗಿಲ್ಲ."

ದೀಪ ಹಚ್ಚಿದ ಮೇಲೆ ಸೂಜಿ, ಉಪ್ಪು, ಮೊಸರು ಕೊಡುವುದಿಲ್ಲ ಎಂಬುದು ನನಗೂ ಗೊತ್ತು. ನಮ್ಮ ಓಣಿಯಲ್ಲಿ ಅಂಗಡಿಯವನೂ ಆ ಹೊತ್ತಿನಲ್ಲಿ ಸೂಜಿ ಮಾರುವುದಿಲ್ಲ. ಆದರೆ ನನಗೆ ಆಗ ತೋಚಿದ್ದು ಒಂದೇ: ನಾನು ಆಟೊ ತರಲು ಹೋದಾಗ ಇನ್ಯಾರದೋ ಫೋನು ಬಂದಿದೆ, ಹೆಚ್ಚು ಕೊಡುವವರು ಸಿಕ್ಕಿದ್ದಾರೆ.

"ನಾವು ಕೇಳಿದ್ದು ಸೂಜಿ ಅಲ್ರಿ, ಮಷಿನ್" ಅಂದೆ. ದನಿ ಏರಿತ್ತು.

"ಸೂಜಿ ಇಲ್ದ ಮಷಿನ್ ಎಲ್ಲಿ ಕಂಡಿ?"

"ನಾಳೆ ಹತ್ತಕ್ಕ ಮಾಸ್ತರ ಮನಿಗೆ ಬರ್ತಾರ. ಮಷಿನ್ ಇಲ್ಲಾಂದ್ರ ನಮ್ಮವ್ವನ ಕೆಲಸ ಹೋಗ್ತೈತಿ."

"ಹೋಗಬಾರ್ದು. ಆದ್ರ ನನ್ನ ಮನಿ ಲಕ್ಷ್ಮೀನೂ ಹೋಗಬಾರ್ದಲ್ಲ."

ಆಟೊದವನು ಹಾರ್ನು ಹೊಡೆದ. ಅವ್ವ ನಮ್ಮಿಬ್ಬರನ್ನೂ ದಾಟಿ ಒಳಗೆ ಹೋದಳು. ಮಷೀನಿನ ಮುಂದೆ ಬಗ್ಗಿ, ಸಣ್ಣ ತಿರುಪು ಸಡಿಲಿಸಿ, ಸೂಜಿಯನ್ನು ಕೆಳಗೆಳೆದು ಆ ಹೆಂಗಸಿನ ಅಂಗೈಯಲ್ಲಿಟ್ಟಳು. ಟೇಬಲ್ಲಿನ ಡ್ರಾಯರು ಎಳೆದು ತಡಕಿ, ಅಲ್ಲಿದ್ದ ಮೂರು ಹಳೇ ಸೂಜಿಯನ್ನೂ ಅದರ ಪಕ್ಕ ಇಟ್ಟಳು.

"ನಿನ್ನ ಸೂಜಿ ನಿನ್ನ ಮನ್ಯಾಗ ಇರ್ಲಿ. ಈಗ ಇದು ಬರೇ ಕಬ್ಬಿಣ. ಕಬ್ಬಿಣ ಕೊಡಬೌದಲ್ಲ?"

ಅವರು ಅಂಗೈಯ ನಾಲ್ಕು ಸೂಜಿಯನ್ನು ಬೆರಳಿನಿಂದ ಸರಿಸಿ ಎಣಿಸಿದರು. "ಕಬ್ಬಿಣ ಕೊಡಬಾರದ್ದು ಶನಿವಾರ" ಅಂದರು. "ಇವತ್ತು ಐತವಾರ." ಆಮೇಲೆ ನಕ್ಕರು. "ಭಾಳ ಶ್ಯಾಣೇಕಿ ಅದೀಯವ್ವ ನೀ. ಮಗಳು ಬರೀತಾಳ, ನೀ ತಿಳ್ಕೋತಿ."

ದುಡ್ಡು ಎಣಿಸಿಕೊಂಡು, ನನ್ನ ಫೋನ್ ನಂಬರನ್ನೂ ಇಸಿದುಕೊಂಡು, ಮಷೀನು ಎತ್ತಲು ಅವರೇ ಒಂದು ಕಡೆ ಕೈ ಕೊಟ್ಟರು.

ಹದಿನೇಳು, ಸೋಮವಾರ, ಬೆಳಿಗ್ಗೆ ಆರಕ್ಕೆ ಅವ್ವ ತನ್ನ ಪೊಟ್ಟಣದ ಸೂಜಿ ಹಾಕಿದಳು. ಹತ್ತೂ ಹತ್ತಕ್ಕೆ ಮಾಸ್ತರು ಬಂದು, ಪ್ಯಾಂಟಿನ ಒಂದು ಕಾಲು ಹೊಲಿಸಿ ನೋಡಿ, ಆರು ಬಂಡಲ್ ಇಳಿಸಿ ಹೋದರು. ಅಂದಿನಿಂದ ದಿನವೂ ಮನೆಯಲ್ಲಿ ಅದೇ ಸದ್ದು.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಇಪ್ಪತ್ತೆರಡನೇ ತಾರೀಖು ಮಧ್ಯಾಹ್ನ, ಲ್ಯಾಬಿನಲ್ಲಿ ಊಟ ಮಾಡುವಾಗ, ಅದೇ ಫೋಟೋ ಮತ್ತೆ ಬಂತು. ಹೊಸ ಹೆಸರು, ಇನ್ನೂ ಕಡಿಮೆ ಬೆಲೆ, ಊರು ಬಳ್ಳಾರಿ. ಆ ಹೊತ್ತಿನಲ್ಲಿ ಆ ಮಷೀನಿನ ಮುಂದೆ ನಮ್ಮವ್ವ ಕೂತಿದ್ದಳು. ಆ್ಯಪಿನವರಿಗೆ ಮೂರು ಸಲ ದೂರು ಕೊಟ್ಟೆ. ಮೂರು ಸಲವೂ ಪರಿಶೀಲಿಸುತ್ತೇವೆ ಎಂಬ ಒಂದೇ ಉತ್ತರ ಬಂತು. ಜಾಹೀರಾತು ಈಗಲೂ ಇದೆ.

ಇಪ್ಪತ್ತೈದು, ಮಂಗಳವಾರ, ಸಂಜೆ ಕುರುಗೋಡಿನಿಂದ ಆ ಹೆಂಗಸಿನ ಫೋನು. ತೆಕ್ಕಲಕೋಟೆಯಿಂದ ಒಬ್ಬ ಬಂದಿದ್ದನಂತೆ, ಟೋಕನ್ ಹಾಕಿದವನು. ಮಷೀನು ಬಳ್ಳಾರಿಗೆ ಹೋಯಿತೆಂದರೆ ನಂಬದೆ ಒಳಗಿನ ಕೋಣೆಯವರೆಗೂ ಬಂದು ನೋಡಿದನಂತೆ.

"ಯಾರಿಗೆ ಕೊಟ್ಟಿ ಅಂತ ಕೇಳಿದ" ಅಂದರು. "ನಾ ನಿಮ್ಮ ಹೆಸರು ಹೇಳಿಲ್ಲ, ಓಣಿ ಹೇಳಿಲ್ಲ. ಆದ್ರ ಆಟೊದಾಂವಗ ನಿಮ್ಮ ಮನಿ ಗೊತ್ತೈತಲ್ಲ."

ಅವ್ವ ಪಕ್ಕದಲ್ಲಿ ಕೂತು ಇದನ್ನು ಕೇಳಿಸಿಕೊಂಡಳು. ಮಾರನೇ ದಿನದಿಂದ ಅವಳಲ್ಲಿ ಒಂದು ಬದಲಾವಣೆ. ಬಾಗಿಲು ಬಡಿದರೆ ಮೊದಲು ಮೋಟರ್ ನಿಲ್ಲಿಸುತ್ತಾಳೆ, ಮಂಚದ ಮೇಲಿನ ಚಾದರ ಎಳೆದು ಮಷೀನಿನ ಮೇಲೆ ಹೊದಿಸುತ್ತಾಳೆ, ಆಮೇಲೆ ಯಾರು ಎಂದು ಕೇಳುತ್ತಾಳೆ. ಹಾಲಿನವಳಿಗೂ ಹಾಗೇ. ಹಾಲಿನವಳು ಒಂದು ದಿನ, "ಏನಕ್ಕ, ಒಳಗ ಗಂಡು ಮುಚ್ಚಿಟ್ಟಿಯೇನು?" ಅಂದಳು. ಅವ್ವ ನಗಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಕೇಳಿದೆ, ಆ ಹೆಂಗಸಿನ ಮೇಲೆ ನಿನಗೂ ಅನುಮಾನ ಬಂತಾ ಅಂತ.

"ಆಕಿ ಮ್ಯಾಲ ಇಲ್ಲ. ಮೊಣಕೈ ನೋಡೀನಿ ನಾ." ಅನ್ನ ಕಲಸಿದಳು. "ಟೋಕನ್ ಹಾಕ್ದಾಂವ ಬಂದ್ರ ಏನ್ ಹೇಳ್ಲಿ? ಆತನೂ ಸುಳ್ಳ ಅಲ್ಲ. ಆತನ ಮನ್ಯಾಗೂ ಯಾರೋ ಒಬ್ಬಾಕಿ ಕೂತಿರ್ತಾಳ, ಬಂಡಲ್ ಬರ್ತಾವಂತ."

ಬಿಲ್ಲಿಲ್ಲದ ಮಷೀನನ್ನು ಇದು ನಮ್ಮದೇ ಎಂದು ತೋರಿಸಲು ನನ್ನಲ್ಲಿರುವುದು ನನ್ನದೇ ಕೈಬರಹದ ಒಂದು ಪುಸ್ತಕ ಮಾತ್ರ. ಅದನ್ನು ಬೇರೆ ಯಾರಾದರೂ ತಂದು ತೋರಿಸಿದ್ದರೆ ನಾನೇ ನಂಬುತ್ತಿರಲಿಲ್ಲ. ಇದನ್ನೆಲ್ಲ ಬರೆದು ಹೊರಗೆ ಕೊಡುತ್ತೇನೆ ಅಂದಾಗ ಅವ್ವ ಬೇಡ ಅನ್ನುತ್ತಾಳೆ ಎಂದುಕೊಂಡಿದ್ದೆ. "ಬರಿ" ಅಂದಳು. "ಮನಿ ಎಲ್ಲೈತಿ ಅಂತ ಬರೀಬ್ಯಾಡ."

ಹಾಗಾಗಿ ಕೇಳುತ್ತಿದ್ದೇನೆ. ಹಸಿರು ಗೋಡೆ, ಗೊಬ್ಬರದಂಗಡಿಯ ಕ್ಯಾಲೆಂಡರು, ಎಡಗಡೆ ಬಣ್ಣ ಹೋದ ಟೇಬಲ್ಲು ಇರುವ ಮಷೀನಿನ ಫೋಟೋ ನಿಮಗೂ ಬಂದಿದ್ದರೆ, ಟೋಕನ್ ಹಾಕಬೇಡಿ. ಹಾಕಿಬಿಟ್ಟಿದ್ದರೆ ಕುರುಗೋಡಿನ ಆ ಮನೆಯ ಬಾಗಿಲು ಬಡಿಯಬೇಡಿ. ಅವರು ಫೋಟೋ ತೆಗೆಯಲು ಬಿಟ್ಟವರು, ಅಷ್ಟೇ. ಸಿರುಗುಪ್ಪ, ತೆಕ್ಕಲಕೋಟೆ, ಕರೂರಿನ ಕಡೆ ಇದೇ ರೀತಿ ಇನ್ಯಾರ ಮನೆಗಾದರೂ ಹೆಂಡತಿಗೆ ತೋರಿಸಬೇಕೆಂದು ಒಬ್ಬ ಬಂದು ಫೋಟೋ ತೆಗೆದುಕೊಂಡು ಹೋಗಿದ್ದರೆ, ಅವನು ಯಾವ ಗಾಡಿಯಲ್ಲಿ ಬಂದ, ಯಾವ ಕಡೆ ಹೋದ ಎಂಬಷ್ಟು ನೆನಪಿದ್ದರೂ ಸಾಕು. ಅಥವಾ ಇಂಥ ಒಂದು ಮಷೀನು ನಿಮ್ಮ ಮನೆಯಿಂದಲೇ ಕಳೆದುಹೋಗಿದ್ದು, ನಂಬರಿನ ಕೊನೆಯ ಎರಡು ಅಂಕಿ ನಿಮಗೆ ಗೊತ್ತಿದ್ದರೆ, ಅದನ್ನೂ ತಿಳಿಸಿ. ಆ ಎರಡು ಅಂಕಿಯ ಜಾಗವನ್ನು ನಾನು ಖಾಲಿ ಬಿಟ್ಟಿದ್ದೇನೆ. ಇದು ಅಚ್ಚಾದ ಕಡೆಗೆ ಬರೆದರೆ ನನಗೆ ತಲುಪುತ್ತದೆ.